ಮಾಸ್ತರರ ಅಂಬಾಸಿಡರ್ ಮತ್ತು ನಾನು ಹೇಳದೆ ಬಿಟ್ಟ ವಾಸನೆ

ಹೋದ ವರ್ಷ ಬೆಸುಗೆಯ ಕೈಗವಸು ಕಳಚಿಟ್ಟ ಮೇಲೆ ನನಗೆ ಉಳಿದಿರುವ ಕೆಲಸ ಒಂದೇ, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಸಂಜೆ ಗದಗಿನ ಮುಳಗುಂದ ನಾಕಾದ ಕಡೆ ಅಡ್ಡಾಡಲು ಹೋದರೆ ಮೂರು ಗ್ಯಾರೇಜು ದಾಟಬೇಕು. ಮೂರರಲ್ಲೂ ನನ್ನನ್ನು ಕಂಡ ಕೂಡಲೇ ಹುಡುಗರು ಗ್ರೈಂಡರ್ ಚಾಲೂ ಮಾಡುತ್ತಾರೆ, ನನ್ನ ಮಾತು ಕೇಳಿಸಬಾರದೆಂದು. ಜಾಣರು.

ಆದರೂ ಒಬ್ಬಿಬ್ಬರು ಹೊಸಬರು ತಡೆದು ನಿಲ್ಲಿಸಿ ಕೇಳುವುದುಂಟು. "ಸರ, ಹಳೇ ಕಾರಿನ ತಗಡು ಬದಲಿ ಮಾಡಾಕ ಗ್ಯಾಸ್ ಬೆಸುಗಿ ಚಲೋನೋ, ಸಿಓಟೂ ಚಲೋನೋ?" ಈ ಪ್ರಶ್ನೆಗೆ ನಾನು ಒಂದು ತಾಸು ಉತ್ತರ ಹೇಳುತ್ತೇನೆ. ಅದರಲ್ಲಿ ಒಂದು ಸಂಗತಿ ಬಿಟ್ಟು ಉಳಿದೆಲ್ಲ ಇರುತ್ತದೆ.

ಬಿಟ್ಟ ಸಂಗತಿ ಇದು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಕಾರಿನ ತಗಡಿನೊಳಗಿಂದ ನನಗೆ ಸೀಮೆಎಣ್ಣೆಯ ವಾಸನೆ ಬಂದಿತ್ತು. ನಾನು ಹೇಳಲಿಲ್ಲ. ನನಗೆ ಕೆಲಸ ಕಲಿಸಿದ ಇಮಾಮಸಾಬ ಉಸ್ತಾದರು ಅದರಿಂದ ಒಂದು ಕಿವಿ ಕಳೆದುಕೊಂಡರು. ತಪ್ಪು ತಮ್ಮದೇ ಎಂದು ನಂಬಿ ಅಷ್ಟೂ ವರ್ಷ ಕಳೆದರು. ನಿಜ ಹೇಳಿ ಬರುತ್ತೇನೆಂದು ಬೆಟಗೇರಿಯ ಅವರ ಮನೆಗೆ ಎಷ್ಟೋ ಸಲ ಹೋಗಿ, ಚಹಾ ಕುಡಿದು, ಮಳೆಯ ಬಗ್ಗೆ ಮಾತಾಡಿ ಎದ್ದು ಬಂದಿದ್ದೇನೆ. ಇಷ್ಟು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಧೈರ್ಯ ಬರುತ್ತದೆ.

ನಾನು ಬಿ.ಎಸ್ಸಿ. ಓದಿದವನು, ರಸಾಯನಶಾಸ್ತ್ರ. ಕಳಿಸಿದ ಅರ್ಜಿಗಳಿಗೆ ಉತ್ತರ ಬಾರದೆ ಸುಮ್ಮನಿದ್ದ ದಿನಗಳಲ್ಲಿ, ಬಂದ ಕಾರುಗಳಿಗೆ ಏನೇನು ಆಗಬೇಕೆಂದು ಚೀಟಿ ಬರೆಯಲು ಉಸ್ತಾದರ ಶೆಡ್ಡಿಗೆ ಸೇರಿದೆ. ಉಸ್ತಾದರು ಸಣಕಲು ಮನುಷ್ಯ. ಗಡ್ಡದಲ್ಲಿ ಅಲ್ಲಲ್ಲಿ ಕಿಡಿ ಬಿದ್ದು ಸುಟ್ಟ ಕೆಂಚು ಕೂದಲು. ಮೊದಲ ದಿನವೇ ಪರೀಕ್ಷೆ ಮಾಡಿದರು.

"ಏನ್ ಓದೀಯೋ?"

"ಬಿ.ಎಸ್ಸಿ. ಕೆಮಿಸ್ಟ್ರಿರಿ."

"ಹಂಗಾರ ಕಬ್ಬಿಣಕ್ಕ ತುಕ್ಕ ಯಾಕ ಹಿಡೀತೈತಿ, ಹೇಳು ನೋಡೋಣು."

ಆಮ್ಲಜನಕ, ತೇವ, ಎಲೆಕ್ಟ್ರಾನು ಎಂದು ನಾನು ಐದು ನಿಮಿಷ ಬಿಡಿಸಿ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು ಗೌರವದಿಂದ ಪೂರ್ತಿ ಕೇಳಿದರು. ಕೊನೆಗೆ, "ಅರೇ, ಇಷ್ಟೆಲ್ಲಾ ತ್ರಾಸ ತಗೊಂಡು ಹಿಡೀತೈತೇನು? ಪಾಪ. ನಾ ಸುಮ್ನ ಹಿಡೀತೈತಿ ಅನ್ಕೊಂಡಿದ್ದೆ" ಎಂದರು. ಪುಟ್ಟಿ ಕಲಸುತ್ತಿದ್ದ ನಿಂಗಪ್ಪ ನಕ್ಕು ನಕ್ಕು ಪುಟ್ಟಿಯನ್ನು ಡಬ್ಬಿಯಲ್ಲೇ ಗಟ್ಟಿಯಾಗಲು ಬಿಟ್ಟ. ಶೆಡ್ಡಿನಲ್ಲಿ ತಗಡಿನ ತಗ್ಗು ತುಂಬುವ ಪುಟ್ಟಿ ಮತ್ತು ಬಣ್ಣದ ಕೆಲಸ ಅವನದು, ನನಗಿಂತ ನಾಲ್ಕು ವರ್ಷ ದೊಡ್ಡವನು. ಅಂದಿನಿಂದ ನನಗೆ ಹೆಸರಿರಲಿಲ್ಲ. ಉಸ್ತಾದರಿಗೂ ನಿಂಗಪ್ಪನಿಗೂ ನಾನು ಬಿಯೆಸ್ಸಿ.

ಎರಡನೆಯ ಹೆಸರು ಬಂದದ್ದು ಆರನೆಯ ತಿಂಗಳಲ್ಲಿ. ಆಗ ನಮ್ಮ ಬೆಸುಗೆ ಎಂದರೆ ಗ್ಯಾಸ್ ಬೆಸುಗೆ. ಆಕ್ಸಿಜನ್ ಸಿಲಿಂಡರಿನಲ್ಲಿ ಬರುತ್ತಿತ್ತು. ಇನ್ನೊಂದು ಗ್ಯಾಸನ್ನು ನಾವೇ ತಯಾರು ಮಾಡಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಕಾರ್ಬೈಡ್ ಕಲ್ಲು ಹಾಕಿ ನೀರು ಬಿಟ್ಟರೆ ಅದು ಹುಟ್ಟುತ್ತದೆ. ಅದಕ್ಕೆ ಬೆಳ್ಳುಳ್ಳಿಯ ವಾಸನೆ. ಒಂದು ಮಧ್ಯಾಹ್ನ ಚೀಟಿ ಬರೆಯುತ್ತ ಕುಳಿತಿದ್ದವನಿಗೆ ಆ ವಾಸನೆ ಗಪ್ಪೆಂದು ಬಂತು. "ಗ್ಯಾಸ್ ಸೋರಾಕ ಹತ್ತೈತ್ರೀ! ಎಲ್ಲಾರೂ ಹೊರಗ ಓಡ್ರಿ!" ಎಂದು ಕೂಗಿ ನಾನೇ ಎಲ್ಲರಿಗಿಂತ ಮೊದಲು ರಸ್ತೆಯಲ್ಲಿದ್ದೆ. ಉಸ್ತಾದರು ಓಡಿ ಬಂದರು. ಪಕ್ಕದ ಸೈಕಲ್ ಅಂಗಡಿಯವನೂ ಗಿರಾಕಿಯ ಸೈಕಲ್ ಸಮೇತ ಓಡಿಬಂದ. ನಿಂಗಪ್ಪ ಮಾತ್ರ ಬರಲಿಲ್ಲ. ಬಗ್ಗಿ ನೋಡಿದರೆ ಡ್ರಮ್ಮಿನ ಹಿಂದೆ ಕುಳಿತು ರೊಟ್ಟಿಗೆ ಬೆಳ್ಳುಳ್ಳಿ ಖಾರ ಹಚ್ಚಿಕೊಂಡು ಉಣ್ಣುತ್ತಿದ್ದ.

"ಬಾರಪಾ ಮೂಗಪ್ಪ," ಎಂದ ಅವನು. "ನಮ್ಮವ್ವ ಮಾಡ್ಯಾಳ. ಬೆಂಕಿ ಹಚ್ಚಿ ನೋಡ್ತೀಯೇನು?"

ಒಂದು ವಾರ ಸೈಕಲ್ ಅಂಗಡಿಯವನು ದಿನಾ ಬೆಳಗ್ಗೆ ಬಂದು, "ಇವತ್ತ ಏನ್ ಪಲ್ಯೆ ಅಂತ ನಿಮ್ಮ ಬಿಯೆಸ್ಸಿಯವ್ರನ್ನ ಕೇಳ್ರಿ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ನಗುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಆದರೆ ಅಲ್ಲಿಂದ ಮುಂದೆ ಮೂಗಿಗೆ ಏನು ಬಂದರೂ ಬಾಯಿಗೆ ತರುವ ಮೊದಲು ಒಂದು ಸಲ ನಿಂಗಪ್ಪನ ಮುಖ ನೋಡುವುದು ರೂಢಿಯಾಯಿತು. ಈ ರೂಢಿಯನ್ನು ನೆನಪಿಡಿ ಎಂದು ಹೊಸಬರಿಗೆ ಹೇಳಲು ನನಗೆ ನಾಚಿಕೆ. ಆದರೂ ನೆನಪಿಡಿ.

ಚೀಟಿ ಬರೆಯುವವನ ಕೈಗೆ ಬೆಂಕಿ ಉಗುಳುವ ಗ್ಯಾಸ್ ಗನ್ ಬರಲು ಎರಡು ವರ್ಷ ಹಿಡಿಯಿತು. ತೆಳು ತಗಡನ್ನು ಕಾಯಿಸಿದರೆ ಅದು ಹಪ್ಪಳದಂತೆ ಏಳುತ್ತದೆ. ನಾನು ಬೆಸೆದ ಮೊದಲ ಬಾನೆಟ್ಟಿನ ಮೇಲೆ ನಿಂಗಪ್ಪ ಒಂದು ಲೋಟ ನೀರು ಸುರಿದು, "ನೋಡ್ರಿ ಉಸ್ತಾದರ, ಡಂಬಳದ ಕೆರಿ" ಎಂದ. ನೀರು ನಿಂತೇ ಇತ್ತು. ಉಸ್ತಾದರು ಬೈಯಲಿಲ್ಲ.

"ಒಂದ ಕಡೆ ಹಿಡದು ಕಾಸಿದ್ರ ತಗಡಿಗೆ ಸಿಟ್ಟ ಬರ್ತೈತಿ," ಎಂದರು. "ಇಲ್ಲೊಂದು ಚುಕ್ಕಿ ಇಡು. ಆ ತುದಿಗೆ ಹೋಗಿ ಅಲ್ಲೊಂದು ಇಡು. ಆಮ್ಯಾಲ ನಡುವ. ಯಾರನ್ನ ಬೈಯಾಕ ಹತ್ಯಾರಂತ ಅದಕ್ಕ ಗೊತ್ತಾಗಬಾರ್ದು."

ಇದಕ್ಕಿಂತ ಚೆನ್ನಾದ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಚುಕ್ಕಿಯ ಸುತ್ತ ಒದ್ದೆ ಗೋಣಿ ಹೊದಿಸಿ ಕಾವನ್ನು ಅಲ್ಲೇ ಕಟ್ಟಿಹಾಕುವುದು, ತಗಡು ತಣ್ಣಗಾಗುವ ಮೊದಲೇ ಹಿಂದೆ ಕಬ್ಬಿಣದ ಅಡಗಲ್ಲು ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟುವುದು, ಎಲ್ಲ ಅವರಿಂದ ಬಂದದ್ದು. ಒದ್ದೆ ಗೋಣಿ ಹಿಡಿದು ಪಕ್ಕದಲ್ಲಿ ನಿಲ್ಲುವುದೇ ನನ್ನ ಕೆಲಸವಾಗಿದ್ದ ಕಾಲ ಬಹಳ ಉದ್ದವಿತ್ತು.

ಹಳೆಯ ಕಾರಿನ ತುಕ್ಕನ್ನು ಮುಚ್ಚುವುದೋ ಕತ್ತರಿಸುವುದೋ ಎಂಬ ಜಗಳ ಆಗ ಎಲ್ಲ ಶೆಡ್ಡುಗಳಲ್ಲೂ ಇತ್ತು. ನಿಂಗಪ್ಪ ಮುಚ್ಚುವ ಪಕ್ಷ. ಅವನ ಪುಟ್ಟಿಯ ಕೈಚಳಕ ಎಂಥದೆಂದರೆ ಇಲ್ಲದ ಬಾಗಿಲನ್ನೂ ಕಟ್ಟಬಲ್ಲ. ಒಮ್ಮೆ ಲಕ್ಷ್ಮೇಶ್ವರದಿಂದ ಹಳೆಯ ಕಾರು ಕೊಳ್ಳಲು ಒಬ್ಬರು ಬಂದರು. ಜೇಬಿನಿಂದ ಕರವಸ್ತ್ರ ಬಿಚ್ಚಿ ಅದರೊಳಗಿನ ಅಯಸ್ಕಾಂತವನ್ನು ಬಾಗಿಲಿಗೆ ಹಚ್ಚಿದರು. ಅದು ಸರ್ರನೆ ಜಾರಿ ನೆಲಕ್ಕೆ ಬಿತ್ತು. ಮತ್ತೊಂದು ಕಡೆ ಹಚ್ಚಿದರು, ಅಲ್ಲೂ ಬಿತ್ತು. ಎಲ್ಲರೂ ನಿಂಗಪ್ಪನ ಮುಖ ನೋಡಿದೆವು.

"ನಿಮ್ಮ ಮ್ಯಾಗ್ನೆಟ್ ಹಳೇದಾಗೈತಿ ನೋಡ್ರಿ," ಎಂದ ನಿಂಗಪ್ಪ. "ಒಂದ ಹೊಸಾದು ತಗೋರಿ."

ಅಂದು ಸಂಜೆ ಉಸ್ತಾದರು ತೀರ್ಮಾನ ಹೇಳಿದರು. ಇನ್ನು ಮೇಲೆ ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸುವುದು, ಒಂದರ ಮೇಲೊಂದು ತೇಪೆ ಹಾಕುವುದಲ್ಲ. ತೇಪೆಯ ಎರಡು ತಗಡುಗಳ ನಡುವೆ ನೀರು ನಿಂತು ಮರುವರ್ಷವೇ ತುಕ್ಕು ಹೊರಬರುತ್ತದೆ. ಅಂಚಿಗೆ ಅಂಚು ಕೂಡಬೇಕು. ಪುಟ್ಟಿ ಉಗುರಿನ ದಪ್ಪಕ್ಕಿಂತ ಹೆಚ್ಚಿರಬಾರದು. ನಿಂಗಪ್ಪ ಮೂರು ದಿನ ಮಾತು ಬಿಟ್ಟ.

ಕತ್ತರಿಸುವ ಉತ್ಸಾಹದಲ್ಲಿ ನಾವು ಮಾಡಿಕೊಂಡ ಫಜೀತಿ ಮುಂಡರಗಿಯ ಈರುಳ್ಳಿ ವ್ಯಾಪಾರಿಯೊಬ್ಬರ ಕಾರಿನದು. ಬಾಗಿಲುಗಳ ಕೆಳಗೆ ಕಾರಿನ ಉದ್ದಕ್ಕೂ ಟೊಳ್ಳು ಪೆಟ್ಟಿಗೆಯಂಥ ಭಾಗ ಇರುತ್ತದೆ. ನಾವು ಅದನ್ನು ರನ್ನಿಂಗ್ ಬೋರ್ಡ್ ಎನ್ನುತ್ತೇವೆ. ಹಳೆಯ ಕಾರು ನೆಟ್ಟಗೆ ನಿಲ್ಲುವುದೇ ಅದರ ಬಲದಿಂದ. ಮೊದಲು ಕೊಳೆಯುವುದೂ ಅದೇ. ನಾವು ಕಾರಿನ ಮುಂದೊಂದು, ಹಿಂದೊಂದು ಜಾಕ್ ಕೊಟ್ಟು, ಬಾಗಿಲು ಕಳಚಿಟ್ಟು, ಎರಡೂ ಕಡೆಯ ರನ್ನಿಂಗ್ ಬೋರ್ಡನ್ನು ಒಂದೇ ದಿನ ಕತ್ತರಿಸಿದೆವು. ಕಾರು ನಡುವೆ ಎರಡು ಬೆರಳು ಜೋತುಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಜೋತ ಕಾರಿಗೇ ಹೊಸ ತಗಡನ್ನು ಅಚ್ಚುಕಟ್ಟಾಗಿ ಬೆಸೆದು, ಬಾಗಿಲನ್ನು ಬಡಿದು ಕೂರಿಸಿದೆವು. ವ್ಯಾಪಾರಿಗಳು, ದೇವರು ಕೊಟ್ಟ ಮೈಯವರು, ಒಳಗೆ ಕುಳಿತು ಧಡ್ ಎಂದು ಬಾಗಿಲು ಹಾಕಿಕೊಂಡರು. ಅದು ಮತ್ತೆ ತೆರೆಯಲಿಲ್ಲ, ಉಳಿದ ಬಾಗಿಲುಗಳೂ ಜಪ್ಪೆನ್ನಲಿಲ್ಲ.

ಕಿಟಕಿಯಿಂದ ಅವರ ತಲೆ ಹೊರಗೆ ಬಂತು. "ಉಸ್ತಾದ, ನಾ ಮುಂಡರಗಿ ಮಟಾ ಹೋಗ್ತೀನಿ ಖರೆ. ಅಲ್ಲಿ ಇಳಿಸಿಕೊಳ್ಳಾಕ ಯಾರನ್ನ ಕಳಸ್ತಿ?"

ಅವರನ್ನು ಹೊರತೆಗೆಯಲು ಬಾಗಿಲ ಬಿಜಾಗರಿ ಕತ್ತರಿಸಬೇಕಾಯಿತು. ಕೆಲಸವನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಮಾಡಿದೆವು. ಅಂದಿನಿಂದ ಕತ್ತರಿಸುವ ಮೊದಲು ಬಾಗಿಲಿನ ಖಾಲಿ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಪೈಪು ಬೆಸೆದು ಅಳತೆ ಕಾಯುವುದು ಶುರುವಾಯಿತು. ಒಂದು ಕಡೆ ಪೂರ್ತಿ ಮುಗಿಯದೆ ಇನ್ನೊಂದು ಕಡೆ ಮುಟ್ಟುವುದಿಲ್ಲ. ಇದನ್ನು ಹೊಸಬರು ಈಗ ಫೋನಿನಲ್ಲಿ ವೀಡಿಯೊ ನೋಡಿ ಕಲಿಯುತ್ತಾರೆ. ನಾವು ಒಬ್ಬ ಈರುಳ್ಳಿ ವ್ಯಾಪಾರಿಯನ್ನು ಕೂಡಿಹಾಕಿ ಕಲಿತೆವು.

ಆಮೇಲೆ ಸಿಓಟೂ ಯಂತ್ರ ಬಂತು. ತಂತಿ ತಾನೇ ಹೊರಬರುತ್ತದೆ, ಸುತ್ತ ಗ್ಯಾಸು ಮುಸುಕಿ ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಕಾವು ಕಡಿಮೆ, ತಗಡು ಏಳುವುದಿಲ್ಲ. ಕಾರ್ಖಾನೆಯವರು ಯಂತ್ರದಿಂದ ಒತ್ತಿ ಹಾಕಿದ ಚುಕ್ಕಿ ಬೆಸುಗೆಗಳನ್ನು ಡ್ರಿಲ್ಲಿನಿಂದ ಬಿಡಿಸಿ, ಹೊಸ ತಗಡಿಗೆ ಅದೇ ಅಂತರದಲ್ಲಿ ತೂತು ಕೊರೆದು, ಆ ತೂತುಗಳನ್ನು ಸಿಓಟೂದಿಂದ ತುಂಬಿದರೆ ಮೂಲದ್ದೋ ನಮ್ಮದೋ ಗುರುತು ಸಿಗದು. ಯಂತ್ರ ಮಾರಿದವನು ಎಲ್ಲ ಹೇಳಿದ್ದ, ಗದಗಿನ ಗಾಳಿಯ ಬಗ್ಗೆ ಹೇಳಿರಲಿಲ್ಲ. ನಮ್ಮ ಕಡೆ ಆಷಾಢದ ಗಾಳಿ ಕಪ್ಪತಗುಡ್ಡದಿಂದ ಇಳಿದು ಬಂದರೆ ತಲೆಯ ಮೇಲಿನ ಟೊಪ್ಪಿಗೆ ನಿಲ್ಲದು, ಇನ್ನು ಮುಸುಕಿನ ಗ್ಯಾಸು ಎಲ್ಲಿ ನಿಲ್ಲಬೇಕು. ಬೆಸುಗೆ ತುಂಬ ಸೂಜಿತೂತು. ಉಸ್ತಾದರು ಮನೆಯಿಂದ ಹೊದೆಯುವ ಕೌದಿ ತಂದು ಗಾಳಿಗೆ ಅಡ್ಡ ಕಟ್ಟಿದರು. ಎರಡನೆಯ ದಿನ ಕೌದಿಗೆ ಕಿಡಿ ಹತ್ತಿತು. ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುವವರು, ಸುಟ್ಟ ಕೌದಿಯನ್ನು ಹಿಡಿದುಕೊಂಡು ಶೆಡ್ಡಿಗೇ ಬಂದರು.

"ನಮ್ಮವ್ವನ ಹಳೇ ಸೀರಿ ಹಾಕಿ ಹೊಲದಿದ್ನಿ. ಮಿಶನ್ನಿಗೆ ಥಂಡಿ ಆಗ್ತೈತಂತ ಇದನ್ನ ಹೊಚ್ಚೀರೇನು?"

ಉಸ್ತಾದರು ಕಾರಿನ ಕೆಳಗೆ ತೂರಿಕೊಂಡು, ಅವರು ಹೋಗುವ ತನಕ ಹೊರಗೆ ಬರಲಿಲ್ಲ. ಅಲ್ಲಿಗೆ ನಿಯಮ ಆಯಿತು. ಗಾಳಿ ಇಲ್ಲದಾಗ ಸಿಓಟೂ, ಗಾಳಿ ಎದ್ದರೆ ಹಳೆಯ ಗ್ಯಾಸ್ ಗನ್.

ಶಿರಹಟ್ಟಿಯಿಂದ ಫಕ್ಕೀರಪ್ಪ ಮಾಸ್ತರರ ಅಂಬಾಸಿಡರ್ ಬಂದದ್ದು ಅಂಥ ಆಷಾಢದಲ್ಲೇ. ನಿವೃತ್ತ ಹೆಡ್ ಮಾಸ್ತರರು. ಕಾರಿನ ಬಾಗಿಲನ್ನು ಹಾಕುವುದಲ್ಲ, ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ ಮೆಲ್ಲಗೆ ಒರಗಿಸುತ್ತಿದ್ದರು. "ನೀವು ಏನರ ಮಾಡ್ರಿ, ಅದಕ್ಕ ನೋವಾಗಬಾರ್ದು ನೋಡ್ರಿ" ಎಂದು ಹೇಳಿ ಬಸ್ಸು ಹತ್ತಿ ಹೋದರು. ಎಡಗಡೆಯ ರನ್ನಿಂಗ್ ಬೋರ್ಡ್ ಮುಂದಿನ ಚಕ್ರದ ಹತ್ತಿರ ಒಂದು ಅಡಿ ಕೊಳೆತಿತ್ತು, ಉಳಿದದ್ದು ಆಶ್ಚರ್ಯವೆನ್ನುವಷ್ಟು ಗಟ್ಟಿಯಾಗಿತ್ತು. ಆ ಗಟ್ಟಿತನ ಎಲ್ಲಿಂದ ಬಂತು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಬೆಳಗಿನ ಹತ್ತರ ಸುಮಾರು. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿಯಾಗಿತ್ತು, ಬಾಗಿಲಿನ ಚೌಕಟ್ಟಿಗೆ ಪೈಪು ಬೆಸೆದಾಗಿತ್ತು. ಹಳೆಯ ಚುಕ್ಕಿ ಬೆಸುಗೆಗಳನ್ನು ಡ್ರಿಲ್ಲಿನಿಂದ ಬಿಡಿಸುವುದು ನನ್ನ ಪಾಲಿನ ಕೆಲಸ. ಮೂರನೆಯದಕ್ಕೆ ಡ್ರಿಲ್ಲಿನ ಬಿಟ್ ಒಳತಗಡನ್ನೂ ದಾಟಿ ಹೋಯಿತು. ಹೊರಗೆಳೆದಾಗ ಅದು ಒದ್ದೆಯಾಗಿ, ಕಪ್ಪಗೆ ಹೊಳೆಯುತ್ತಿತ್ತು. ಬೆರಳು ಹಚ್ಚಿ ಮೂಸಿದೆ. ಸೀಮೆಎಣ್ಣೆ.

ತಲೆ ಎತ್ತಿದೆ. ಬಾಯಿಯನ್ನೂ ತೆರೆದಿದ್ದೆ ಎಂದು ನನ್ನ ನೆನಪು. ಆಚೆ ಪುಟ್ಟಿ ಕಲಸುತ್ತಿದ್ದ ನಿಂಗಪ್ಪ ನನ್ನನ್ನೇ ನೋಡುತ್ತಿದ್ದ.

"ಏನಪಾ ಮೂಗಪ್ಪ, ಯಾರ ಮನ್ಯಾಗ ಏನ್ ಅಡಗಿ?"

"ಏನಿಲ್ಲ ಬಿಡೋ," ಎಂದೆ.

ಮುಚ್ಚಿದ ಪೆಟ್ಟಿಗೆಯೊಳಗೆ ಸೀಮೆಎಣ್ಣೆ ಕಾದರೆ ಏನಾಗುತ್ತದೆ ಎಂದು ಆ ಶೆಡ್ಡಿನಲ್ಲಿ ಪರೀಕ್ಷೆಗೆ ಓದಿ ಬರೆದವನು ನಾನೊಬ್ಬನೇ. ನಾವು ಕೈ ತೊಳೆಯುವುದೇ ಸೀಮೆಎಣ್ಣೆಯಲ್ಲಿ, ವಾಸನೆ ನನ್ನ ಕೈಯದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ತೂತು ಕೊರೆದೆ.

ಕೊಳೆತ ಹೊರತಗಡಿನ ಜಾಗಕ್ಕೆ ಹೊಸದನ್ನು ಇಟ್ಟು ಸಿಓಟೂ ಹಚ್ಚಿದ ಮೊದಲ ಬೆಸುಗೆ ಗಾಳಿಗೆ ಜೊಳ್ಳಾಯಿತು. ಉಸ್ತಾದರು "ಇದನ್ನ ಬಿಡು, ಗ್ಯಾಸ್ ತಾ" ಎಂದು ಬಲಮಗ್ಗುಲಾಗಿ ನೆಲಕ್ಕೆ ಮಲಗಿ ಗನ್ ಹೊತ್ತಿಸಿದರು. ಜ್ವಾಲೆಯನ್ನು ಅವರು ಕಣ್ಣಿನಿಂದ ಹದ ಮಾಡುತ್ತಿರಲಿಲ್ಲ, ಕಿವಿಯಿಂದ. ಅದರ ಸುಯ್ ಎಂಬ ಸದ್ದು ಒಂದು ಮಟ್ಟಕ್ಕೆ ಬಂದಾಗ ತಲೆ ಆಡಿಸುತ್ತಿದ್ದರು. ನಾನು ಒದ್ದೆ ಗೋಣಿ ಹಿಡಿದು ಅವರ ಕಾಲ ಬಳಿ ಕುಳಿತೆ. ನಾನು ಕೊರೆದ ತೂತುಗಳಿಂದ ಎಳೆ ಎಳೆಯಾಗಿ ಬಿಳಿ ಹೊಗೆ ಬರತೊಡಗಿತು. "ಹಳೇ ಬಣ್ಣ ಸುಡಾಕ ಹತ್ತೈತಿ" ಎಂದರು ಉಸ್ತಾದರು. ನಾನು ಹೂಂ ಎಂದೆ.

ಸದ್ದು ದೊಡ್ಡದಿರಲಿಲ್ಲ. ದೊಡ್ಡ ಡಬ್ಬಿಯ ಮುಚ್ಚಳವನ್ನು ಯಾರೋ ಒಳಗಿನಿಂದ ಒದ್ದಂತೆ ಇತ್ತು. ರನ್ನಿಂಗ್ ಬೋರ್ಡ್ ಪೂರಿಯಂತೆ ಉಬ್ಬಿತು, ಅದರ ಮುಂದಿನ ಬಾಯಿ ಉಸ್ತಾದರ ತಲೆಯ ಪಕ್ಕದಲ್ಲೇ ಕಿತ್ತುಹೋಯಿತು, ಕೆಂಪು ನಾಲಗೆಯೊಂದು ಚಾಚಿ ಒಳಗೆ ಹೋಯಿತು. ಕರಿ ಎಣ್ಣೆ ಅವರ ತೋಳಿನ ಮೇಲೆ ಬಿದ್ದು ಅಂಗಿಗೆ ಹತ್ತಿಕೊಂಡಿತು. ಗನ್ ಕೈಯಿಂದ ಜಾರಿ, ಉರಿಯುತ್ತಲೇ ನೆಲದ ಮೇಲೆ ಹೊರಳಾಡುತ್ತಿತ್ತು. ನಿಂಗಪ್ಪ ಪುಟ್ಟಿಯ ಹಲಗೆ ಎಸೆದು ಸಿಲಿಂಡರಿಗೆ ಹಾರಿದ, ಅದರದೂ ಡ್ರಮ್ಮಿನದೂ ಎರಡೂ ಕಾಕ್ ತಿರುಗಿಸಿ ಬಂದ್ ಮಾಡಿದ. ಬೆಂಕಿ ಆರಿಸಲು ಬೇಕಾದ ಒದ್ದೆ ಗೋಣಿ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಹಿಡಿದುಕೊಂಡು ಕುಳಿತಿದ್ದೆ.

"ಗೋಣಿ ಹಾಕಲೇ! ಗೋಣಿ!" ಎಂದು ನಿಂಗಪ್ಪ ಕೂಗಿದ.

ಹಾಕಿದೆ. ನಡುವೆ ಎರಡೇ ಸೆಕೆಂಡು ಆಗಿತ್ತು ಎಂದು ನಿಂಗಪ್ಪ ಇಂದಿಗೂ ಸಮಾಧಾನ ಹೇಳುತ್ತಾನೆ. ಇರಬಹುದು. ನನ್ನ ಮಟ್ಟಿಗೆ ಆ ಎರಡು ಸೆಕೆಂಡು ಇನ್ನೂ ಮುಗಿದಿಲ್ಲ. ಅಡುಗೆಮನೆಯಲ್ಲಿ ಒಲೆ ಹೊತ್ತಿಸುವಾಗ ಅದು ಬರುತ್ತದೆ, ಯಾರಾದರೂ ಡಬ್ಬಿ ಕೆಳಗೆ ಬೀಳಿಸಿದರೆ ಬರುತ್ತದೆ. ಪ್ರತಿ ಸಲವೂ ನಾನು ಡ್ರಿಲ್ ಕೆಳಗಿಟ್ಟು "ತಡೀರಿ" ಎನ್ನುತ್ತೇನೆ. ಪ್ರತಿ ಸಲವೂ ಉಸ್ತಾದರು ಗನ್ ಹೊತ್ತಿಸುವುದಿಲ್ಲ.

ಎದ್ದು ಕುಳಿತ ಉಸ್ತಾದರ ಮೊದಲ ಮಾತು, "ಕಾರ್ ಬಿತ್ತೇನು?"

"ಇಲ್ರಿ, ನಿಂತೈತ್ರಿ."

"ಕಾರ್ ಬಿತ್ತೇನಲೇ?" ಎಂದು ಮತ್ತೆ ಕೇಳಿದರು. ಆಗಲೇ ನಮಗೆ ತಿಳಿಯಿತು. ಎಡಕಿವಿಯಿಂದ ರಕ್ತ ಇಳಿಯುತ್ತಿತ್ತು.

ಮಾಸ್ತರರು ಮರುದಿನ ಓಡಿ ಬಂದರು. ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತರು. ಸಂಗತಿ ಅವರಿಂದಲೇ ಹೊರಬಿತ್ತು. ಎಣ್ಣೆ ಹಚ್ಚಿದ ಕಬ್ಬಿಣಕ್ಕೆ ತುಕ್ಕು ಬರುವುದಿಲ್ಲವೆಂದು, ಪ್ರತಿ ದೀಪಾವಳಿಗೆ ಕಾರಿನ ಪೂಜೆ ಮುಗಿದ ಮೇಲೆ ಸುಟ್ಟ ಇಂಜಿನ್ ಎಣ್ಣೆಗೆ ಸೀಮೆಎಣ್ಣೆ ಕಲಸಿ ರನ್ನಿಂಗ್ ಬೋರ್ಡಿನೊಳಗೆ ಸುರಿಯುತ್ತಿದ್ದರಂತೆ. ಅದು ಕೆಳಗಿನ ತೂತುಗಳಿಂದ ಅಂಗಳಕ್ಕೆ ಸೋರುತ್ತಿತ್ತು.

"ರಂಗೋಲಿ ಮ್ಯಾಲ ಎಣ್ಣಿ ಬೀಳ್ತೈತಂತ ಮನ್ಯಾಕಿ ದಿನಾ ಬೈತಿದ್ಲ್ರಿ. ಅದಕ್ಕ ತೂತಿಗೆ ಕಟಗಿ ಬೆಣಿ ಬಡದು ಮ್ಯಾಲ ಡಾಂಬರ ಬಳದೆ."

"ಒಂದ ಮಾತ ಹೇಳಬೇಕಿತ್ತಲ್ರಿ ಮಾಸ್ತರ," ಎಂದ ನಿಂಗಪ್ಪ.

"ನೀವು ಕೇಳಲಿಲ್ಲಲ್ಲಪಾ."

ತೋಳು ಮಾಗಿತು, ಸುಟ್ಟ ಗಡ್ಡ ಮತ್ತೆ ಬಂತು, ಎಡಕಿವಿ ಬರಲಿಲ್ಲ. ನೋಡಲು ಬಂದವರಿಗೆಲ್ಲ ಉಸ್ತಾದರು ಒಂದೇ ಮಾತು ಹೇಳುತ್ತಿದ್ದರು. "ಕೆಳಗಿನ ತೂತು ಬಂದ್ ಅದಾವಂತ ನಾ ನೋಡಲಿಲ್ಲ. ಮೂವತ್ತ ವರ್ಷದ ಕಣ್ಣು ಮೋಸ ಮಾಡ್ತು." ನಾನು ಪಕ್ಕದಲ್ಲಿ ಕುಳಿತು ಮೋಸಂಬಿ ಸುಲಿಯುತ್ತ ತಲೆ ಆಡಿಸುತ್ತಿದ್ದೆ.

ತಿರುಗಿ ಶೆಡ್ಡಿಗೆ ಬಂದ ಮೇಲೆ ಗನ್ ಹೊತ್ತಿಸಿ, ಬಲಗಿವಿಯನ್ನು ರೇಡಿಯೊಗೆ ಹಿಡಿದಂತೆ ಹಿಡಿದು ನೋಡಿದರು. ಸದ್ದಿನ ಮಟ್ಟ ಸಿಗಲಿಲ್ಲ. ಕಣ್ಣಿನ ಮೇಲಂತೂ ಅವರಿಗೆ ನಂಬಿಕೆ ಹೋಗಿತ್ತು. ಒಂದು ವಾರದಲ್ಲಿ ಗನ್ನನ್ನು ನನ್ನ ಕೈಗಿಟ್ಟು ತಾವು ಸುತ್ತಿಗೆಗೆ ಕುಳಿತರು. ಶೆಡ್ಡಿನ ಮೊದಲ ಕೈ ನಾನಾದದ್ದು ಹೀಗೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆ ಮೇಲೆ ನಾನು ತಂದ ಪದ್ಧತಿಗಳನ್ನು ಈ ಕಡೆಯ ಗ್ಯಾರೇಜಿನವರು ಈಗಲೂ ಹಾಸ್ಯ ಮಾಡುತ್ತಾರೆ. ಮುಚ್ಚಿದ ಯಾವ ಪೆಟ್ಟಿಗೆಗೂ ಬೆಂಕಿ ತೋರಿಸುವ ಮೊದಲು ಕಾರಿನ ಕೆಳಗೆ ಮಲಗಿ ನೀರು ಇಳಿಯುವ ತೂತುಗಳನ್ನು ಹುಡುಕಬೇಕು. ಸಿಗದಿದ್ದರೆ ಯಾರೋ ಮುಚ್ಚಿದ್ದಾರೆಂದೇ ತಿಳಿಯಬೇಕು. ಬಿಚ್ಚಿ, ತಂತಿ ಆಡಿಸಿ, ಸೋಡಾ ಹಾಕಿದ ಬಿಸಿನೀರಿನಿಂದ ಎರಡು ಸಲ ತೊಳೆದು, ಒಂದು ಹಗಲು ಒಣಗಲು ಬಿಡಬೇಕು. ಎಣ್ಣೆ ಹಾಕುವುದಿದ್ದರೆ ಬೆಸುಗೆ ಎಲ್ಲ ಮುಗಿದ ಮೇಲೆ. ಮತ್ತು ಕಾರಿನ ಧಣಿಯನ್ನು ಕೂರಿಸಿ, ಚಹಾ ಕೊಟ್ಟು ಕೇಳಬೇಕು, "ಇದರಾಗ ಏನರ ಸುರದೀರೇನ್ರಿ?" ಜನ ಏನೇನೋ ಸುರಿದಿರುತ್ತಾರೆ. ಮಲ್ಲಸಮುದ್ರದ ಒಬ್ಬರು ಇಲಿ ಹೋಗಬಾರದೆಂದು ಖಾರದಪುಡಿ ಹಾಕಿದ್ದರು. ಇನ್ನೊಬ್ಬರು ಶುದ್ಧ ಶೇಂಗಾ ಎಣ್ಣೆ ಸುರಿದಿದ್ದರು. ಅದನ್ನು ತೊಳೆದ ದಿನ ನಿಂಗಪ್ಪ, "ಉಳ್ಳಾಗಡ್ಡಿ ಭಜಿ ಬಿಡೋಣೇನು?" ಎಂದು ಕೇಳಿದ.

ಇನ್ನೊಂದು ಪದ್ಧತಿ. ಉಸ್ತಾದರಿಂದ ನನ್ನ ಕೈಗೆ ಬಂದ ಶೆಡ್ಡಿನಲ್ಲಿ ಯಾರಾದರೂ "ವಾಸನಿ" ಎಂದರೆ ಸಾಕು, ಎಲ್ಲ ಗನ್ ಆರಬೇಕು. ಹೇಳಿದವನನ್ನು ನೋಡಿ ಯಾರೂ ನಗಬಾರದು. ಹತ್ತರಲ್ಲಿ ಒಂಬತ್ತು ಸಲ ಅದು ಯಾರದೋ ಬುತ್ತಿಯ ವಾಸನೆಯೇ ಆಗಿರುತ್ತಿತ್ತು. ಪರವಾಗಿಲ್ಲ. ಈ ನಿಯಮ ಯಾಕೆ ಎಂದು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ನಿಂಗಪ್ಪನಿಗೂ ಇಲ್ಲ. ಅಂದು ಅವನು ಆಡಿದ ಮಾತು ಅವನಿಗೆ ನೆನಪಿಲ್ಲ. ನೆನಪಾಗುವುದೂ ನನಗೆ ಬೇಕಿಲ್ಲ, ಬಾಯಿ ನನ್ನದಾಗಿತ್ತು.

ಹೋದ ತಿಂಗಳು ಮತ್ತೆ ಬೆಟಗೇರಿಗೆ ಹೋದೆ. ಉಸ್ತಾದರಿಗೆ ಈಗ ಎಂಬತ್ತರ ಹತ್ತಿರ. ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತು ಮಗ್ಗದ ಸದ್ದು ಬರುವ ಪಕ್ಕದ ಮನೆಯ ಗೋಡೆಗೆ ಒರಗಿದ್ದರು. ಚಹಾ ಬರುವ ಮೊದಲೇ ಶುರುಮಾಡಿದೆ, ಬಂದ ಮೇಲೆ ಮಳೆಯ ಮಾತು ಬಂದುಬಿಡುತ್ತದೆಂದು ಹೆದರಿ.

"ಉಸ್ತಾದರ, ಆ ದಿನಾ ನನಗ ವಾಸನಿ ಬಂದಿತ್ರಿ."

"ಏನಂದಿ? ಆ ಕಡೆ ಕಿವಿ ಇಲ್ಲಲೇ. ಈ ಕಡೆ ಬಾ. ಜೋರಾಗಿ ಹೇಳು."

ಇಷ್ಟು ವರ್ಷ ಪಿಸುಗುಟ್ಟಲೂ ಆಗದ ಮಾತನ್ನು ನಾನು ಎದ್ದು, ಮಂಚ ಸುತ್ತಿ ಬಂದು, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. "ಮಾಸ್ತರ ಕಾರಿನಾಗ! ಸೀಮಿಎಣ್ಣಿ ವಾಸನಿ ನನಗ ಬಂದಿತ್ರಿ! ನಾ ಹೇಳಲಿಲ್ಲ!"

ಒಳಗಿನಿಂದ ಚಾಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಉಸ್ತಾದರು ಗೋಡೆ ಬಿಟ್ಟು ನನ್ನ ಕಡೆ ತಿರುಗಿ ಕುಳಿತರು.

"ಯಾವಾಗ ಬಂತು?"

"ತೂತ ಕೊರೆಯುವಾಗ್ರಿ. ಬಿಟ್ ಎಣ್ಣಿ ಎಣ್ಣಿ ಆಗಿತ್ತು."

"ಎಷ್ಟನೇ ತೂತಿಗೆ?"

"ಮೂರನೇದಕ್ಕ."

"ಆಮ್ಯಾಲ ಎಷ್ಟ ಕೊರದಿ?"

"ಐದು."

ಅವರು ಬೆರಳು ಮಡಿಚಿ ಎಣಿಸಿದರು. "ಅಂದ್ರ ಐದ ಸಲ ಹೇಳಬಹುದಿತ್ತು."

"ಹೌದ್ರಿ."

"ಯಾಕ ಹೇಳಲಿಲ್ಲ?"

"ನಗ್ತೀರಂತ."

ಚಾಚಿ ಏ ಅಲ್ಲಾ ಎಂದು ಬಾಗಿಲಿಗೆ ಒರಗಿದರು. ಉಸ್ತಾದರು ಎಡಗೈಯಿಂದ ಎಡಕಿವಿಯನ್ನು ಮುಟ್ಟಿಕೊಂಡರು, ಅದು ಅಲ್ಲಿದೆಯೋ ಇಲ್ಲವೋ ನೋಡುವವರಂತೆ.

"ನಗ್ತಿದ್ವಿ ಖರೆ," ಎಂದರು. "ಕೆಳಗ ನೋಡೋದು ನನ್ನ ಕೆಲಸ. ನೋಡಲಿಲ್ಲ. ಅದು ನಂದು. ವಾಸನಿ ನಿಂದು. ಇನ್ನ ಅದನ್ನ ನೀನ ಇಟಗೋ, ನಾ ನನ್ನ ಪಾಲಿಂದಷ್ಟ ಇಟಗೋತೀನಿ." ನನ್ನ ಕಡೆ ಬಗ್ಗಿ ಕೇಳಿದರು, "ಹೊಸಾ ಹುಡುಗ್ರಿಗೆ ಇದನ್ನ ಹೇಳೀಯೇನು?"

"ಇಲ್ರಿ. ಮೊದಲ ನಿಮಗ ಹೇಳಿ, ಆಮ್ಯಾಲ ಅಂತ…"

"ನನಗ ಹೇಳಿ ಏನ್ ಮಾಡ್ತಿ? ನನ್ನ ಕಿವಿ ಹೋಗೈತಿ. ಅವರ್ವು ಇನ್ನ ಅದಾವು."